ಮುಚ್ಚಿದ ತೂತಿನ ಬಿಸುಪು

ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ಪತ್ರಿಕೆಗಳ ಹವಾಮಾನ ಸುದ್ದಿಯಲ್ಲಿ ವಿಜಯಪುರದ ಹೆಸರು ಪದೇ ಪದೇ ಬರುತ್ತದೆ. ರಾಜ್ಯದ ಅತಿ ಕಡಿಮೆ ಉಷ್ಣಾಂಶ ಅಲ್ಲೇ ದಾಖಲಾದ ದಿನಗಳು ಹಲವು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು ಇದು. ಚಳಿಗಾಲದ ಮಧ್ಯಾಹ್ನವೂ 30 ಡಿಗ್ರಿಯ ಹತ್ತಿರ ಹೋಗುತ್ತದೆ. ಅದೇ ಊರು ಕೆಲವು ದಿನ ನಸುಕಿನಲ್ಲಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಗಲಿಗೂ ರಾತ್ರಿಗೂ ಇಷ್ಟು ಅಂತರ ಇರುವುದಕ್ಕೆ ಕಾರಣ ಒಣಗಾಳಿ. ನೆಲ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತದೆ. ಕರಾವಳಿಯಲ್ಲಾದರೆ ಗಾಳಿಯಲ್ಲಿನ ನೀರಾವಿ ಅದರಲ್ಲಿ ಒಂದು ಪಾಲನ್ನು ಹಿಡಿದು ವಾಪಸು ನೆಲಕ್ಕೆ ಕಳಿಸುತ್ತದೆ. ಸಮುದ್ರದಿಂದ ದೂರ, ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ಬಯಲಿನಲ್ಲಿ ತಡೆಯುವುದಕ್ಕೆ ಮೋಡವೂ ಇಲ್ಲ, ಆವಿಯೂ ಕಡಿಮೆ. ತಿಕೋಟಾ ಸುತ್ತಿನ ಶೆಡ್ಡುಗಳಲ್ಲಿ ದ್ರಾಕ್ಷಿಯನ್ನು ಮಣೂಕ ಮಾಡುವ ಒಣ ಹವೆಯೇ ಜನವರಿಯ ರಾತ್ರಿಯನ್ನು ಕೊರೆಯುವ ರಾತ್ರಿ ಮಾಡುತ್ತದೆ.

ಈ ರಾತ್ರಿಗೆ ಈ ಸೀಮೆಯ ಹೆಣ್ಣುಮಕ್ಕಳು ಕಂಡುಕೊಂಡ ಉತ್ತರ ಕೌದಿ. ಹಳೆಯ ಸೀರೆ, ಧೋತ್ರ, ಕುಪ್ಪಸದ ತುಂಡು, ಅಂಗಿಯ ಬೆನ್ನು ಎಲ್ಲವನ್ನೂ ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಣುಕು ಕೂಡಿಸಿ, ಕೈಯಿಂದ ಹೊಲಿದ ಹೊದಿಕೆ. ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಿ, ವಿಜಯಪುರದ ಹಳೆಯ ಓಣಿಗಳಲ್ಲಿ ಕೌದಿ ಇಲ್ಲದ ಮನೆ ಹುಡುಕಬೇಕು. ಮನೆಯವರೇ ಹೊಲಿಯುತ್ತಾರೆ, ಕೈ ಸಾಲದಿದ್ದರೆ ಹೊಲಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಗೋಂಧಳಿ ಸಮುದಾಯದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೆಸರಾದವರು.

ಕೌದಿಯನ್ನು ಬಡವರ ಹೊದಿಕೆ ಎಂದು, ಅಥವಾ ಅಜ್ಜಿಯ ನೆನಪು ಎಂದು ಬರೆದವರು ಬೇಕಾದಷ್ಟು ಜನ ಇದ್ದಾರೆ. ಅದರ ಒಳಗಿನ ಭೌತಶಾಸ್ತ್ರದ ಬಗ್ಗೆ ಬರೆದವರು ಕಡಿಮೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕೌದಿಯಲ್ಲಿ ಬೆಚ್ಚಗಿಡುವ ಕೆಲಸದ ಹೆಚ್ಚಿನ ಪಾಲು ಅರಿವಿಯದಲ್ಲ, ಅರಿವಿ ಕದಲದಂತೆ ಹಿಡಿದಿಟ್ಟ ಗಾಳಿಯದು. ಇದು ಗೊತ್ತಾದರೆ ತೂತು ಬಿದ್ದ, ಸವೆದು ಜಾಳಾದ ಸೀರೆಯೂ ಕೌದಿಯ ಹೊಟ್ಟೆಯಲ್ಲಿ ಯಾಕೆ ಒಳ್ಳೆಯ ಸರಕು ಎಂಬುದು ಅರ್ಥವಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಶಾಖವನ್ನು ದಾಟಿಸುವ ಗುಣವನ್ನು ಉಷ್ಣವಾಹಕತೆ ಎನ್ನುತ್ತೇವೆ. ನಿಂತ ಗಾಳಿಯ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.026 ವ್ಯಾಟ್. ನೀರಿನದು 0.6, ಅಂದರೆ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಹತ್ತಿಯ ನಾರಿನ ಗಟ್ಟಿ ಭಾಗ, ಅಂದರೆ ಸೆಲ್ಯುಲೋಸ್, ಗಾಳಿಗಿಂತ ಹಲವು ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ. ಆದ್ದರಿಂದ ನಾರನ್ನಷ್ಟೇ ಒತ್ತಿ ಒತ್ತಿ ಹಲಗೆ ಮಾಡಿ ಹೊದ್ದರೆ ಚಳಿ ನಿಲ್ಲದು. ಗಾಳಿಯನ್ನಷ್ಟೇ ನಂಬಿದರೂ ಆಗದು, ಗಾಳಿ ನಿಂತಲ್ಲಿ ನಿಲ್ಲುವುದಿಲ್ಲ; ಬಿಸಿಯಾದದ್ದು ಮೇಲೇರುತ್ತದೆ, ತಣ್ಣಗಿನದು ಆ ಜಾಗಕ್ಕೆ ನುಗ್ಗುತ್ತದೆ. ನಾರಿನ ಕೆಲಸ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕುವುದು. ಕೋಣೆಯ ಆಳ ಕೆಲವೇ ಮಿಲಿಮೀಟರ್ ಇದ್ದರೆ ಗಾಳಿಯ ಸ್ನಿಗ್ಧತೆಯೇ ಗೆಲ್ಲುತ್ತದೆ, ಸುತ್ತಾಟ ಶುರುವಾಗುವುದೇ ಇಲ್ಲ.

ಹತ್ತಿಯ ನಾರು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಒಂದೊಂದು ನಾರೂ ಬೀಜದ ಸಿಪ್ಪೆಯಿಂದ ಉದ್ದಕ್ಕೆ ಬೆಳೆದ ಒಂದೇ ಒಂದು ಜೀವಕೋಶ. ಕಾಯಿ ಒಡೆದು ಒಣಗಿದಾಗ ಕೋಶದ ಕೊಳವೆ ಕುಸಿದು, ಚಪ್ಪಟೆಯಾಗಿ, ತಿರುಚಿದ ಪಟ್ಟಿಯಾಗುತ್ತದೆ. ಅಗಲ ಒಂದು ಮಿಲಿಮೀಟರಿನ ನೂರರ ಒಂದೆರಡು ಪಾಲು. ತಿರುಚಿದ ಪಟ್ಟಿಗಳು ಒಂದಕ್ಕೊಂದು ಮೈಗೆ ಮೈ ಅಂಟಿ ಕೂರಲಾರವು. ನಡುವೆ ಸಂದು ಉಳಿಯುತ್ತದೆ, ಸಂದಿನಲ್ಲಿ ಗಾಳಿ ಉಳಿಯುತ್ತದೆ.

ಆರು ಪದರಿನ ಒಂದು ಕೌದಿಯನ್ನು ಒತ್ತದೆ ಹಾಸಿದಾಗ ದಪ್ಪ 5 ಮಿಲಿಮೀಟರ್ ಎಂದುಕೊಳ್ಳೋಣ. ನಾರು, ಗಾಳಿ ಎರಡೂ ಬೆರೆತ ಈ ಪದರಿನ ವಾಹಕತೆಯನ್ನು 0.05 ಎಂದು ಹಿಡಿದರೆ, ಶಾಖಕ್ಕೆ ಅದು ಒಡ್ಡುವ ತಡೆ 0.1. ಇಷ್ಟಕ್ಕೆ ಬಟ್ಟೆಯ ವಿಜ್ಞಾನಿಗಳು ಇಟ್ಟ ಹೆಸರು 1 ಟಾಗ್. ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟ್‌ನ ಪೀರ್ಸ್ ಮತ್ತು ರೀಸ್ 1946ರಲ್ಲಿ ಈ ಮಾನವನ್ನು ರೂಪಿಸಿದರು. ಅದಕ್ಕೂ ಐದು ವರ್ಷ ಮೊದಲು ಅಮೆರಿಕದ ಗಾಗೆ ಮತ್ತು ಸಂಗಡಿಗರು ‘ಕ್ಲೊ’ ಎಂಬ ಇನ್ನೊಂದು ಮಾನ ಕೊಟ್ಟಿದ್ದರು; 1 ಕ್ಲೊ ಅಂದರೆ ಒಂದೂವರೆ ಟಾಗ್‌ಗಿಂತ ಚೂರು ಹೆಚ್ಚು. ಬ್ರಿಟನ್ನಿನ ಅಂಗಡಿಗಳಲ್ಲಿ ಬೇಸಿಗೆಯ ಹೊದಿಕೆಗೆ 4.5 ಟಾಗ್, ಚಳಿಗಾಲದ್ದಕ್ಕೆ 13.5 ಟಾಗ್ ಎಂದು ಬರೆದಿರುತ್ತದೆ. ಅದರ ಮುಂದೆ ನಮ್ಮ ಕೌದಿಯ 1 ಟಾಗ್ ಬಹಳ ಸಣ್ಣದು ಅನಿಸಬಹುದು. ಆದರೆ ಯಾವ ಹೊದಿಕೆಯ ಹೊರಮೈಗೂ ಅಂಟಿಕೊಂಡಿರುವ ಗಾಳಿಯ ತೆಳು ಪದರು ತಾನೇ ಸುಮಾರು 1 ಟಾಗ್ ತಡೆ ಒಡ್ಡುತ್ತದೆ. ಬರಿಮೈಗೆ ಇದ್ದ ತಡೆಯನ್ನು ಒಂದು ಕೌದಿ ಇಮ್ಮಡಿ ಮಾಡುತ್ತದೆ, ಮಡಚಿ ಹೊದ್ದರೆ ಮುಮ್ಮಡಿ. ಹಗಲು ಕಾದ ಮಣ್ಣಿನ ಗೋಡೆಯ ಮನೆಯೊಳಗೆ, ಕೆಳಗೊಂದು ಕೌದಿ ಹಾಸಿ ಮೇಲೊಂದು ಹೊದ್ದರೆ ವಿಜಯಪುರದ ಜನವರಿಗೆ ಸಾಕು. ಮಾಳಿಗೆಯ ಮೇಲೆ ಮಲಗಿದರೆ ಮಾತ್ರ ಗಾಳಿ ಆ ಹೊರಪದರನ್ನು ಬಳಿದುಕೊಂಡು ಹೋಗುತ್ತದೆ. ಅದಕ್ಕೇ ಮೇಲ್ಮುಖಕ್ಕೆ ಒತ್ತಾದ ನೇಯ್ಗೆಯ ಅರಿವಿ ಬೇಕು. ಇಳಕಲ್ ಸೀರೆಯ ಮೈ ಕೌದಿಯ ಮುಖಕ್ಕೆ ಬಂದರೆ ಅದು ಅಂದಕ್ಕೂ ಆಯಿತು, ಗಾಳಿ ತಡೆಯುವುದಕ್ಕೂ ಆಯಿತು.

ಇನ್ನು ತೂತಿನ ಮಾತು. ವಿಜಯಪುರದ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ ಎಂಬ ಗೋರಿಯ ಕಿಟಕಿಗಳನ್ನು ನೋಡಿದವರಿಗೆ ತೂತು ಮಾಡುವ ಕೆಲಸ ಗೊತ್ತು. ಹದಿನೇಳನೆಯ ಶತಮಾನದ ಆರಂಭದ ಆ ಕಲ್ಕುಟಿಗರು ಕಲ್ಲಿನ ಹಲಗೆಯಲ್ಲಿ ಅರಬ್ಬಿ ಅಕ್ಷರಗಳನ್ನು ಉಳಿಸಿ ಸುತ್ತಲಿನ ಕಲ್ಲನ್ನು ತೆಗೆದರು. ಗಾಳಿಯೂ ಬೆಳಕೂ ಆ ತೂತುಗಳಲ್ಲಿ ಹರಿಯುತ್ತವೆ. ದಾರದಲ್ಲಿ ಇದೇ ಕೆಲಸ ಮಾಡುವ ಕಲೆ ಯುರೋಪಿನಲ್ಲಿ ಹದಿನಾರನೆಯ ಶತಮಾನದಲ್ಲಿ ಬೆಳೆಯಿತು. ಅದು ಬಾಬಿನ್ ಲೇಸ್. ವೆನಿಸ್ಸಿನಲ್ಲಿ 1557ರಲ್ಲಿ, ಜ್ಯೂರಿಕ್‌ನಲ್ಲಿ 1561ರಲ್ಲಿ ಅದರ ಮಾದರಿ ಪುಸ್ತಕಗಳೇ ಅಚ್ಚಾದವು. ನಮ್ಮ ದಕ್ಷಿಣ ತುದಿಯ ನಾಗರಕೋಯಿಲ್‌ಗೆ 1820ರ ದಶಕದಲ್ಲಿ ಅದನ್ನು ತಂದವರು ಲಂಡನ್ ಮಿಷನರಿ ಸೊಸೈಟಿಯ ಮಾರ್ಥಾ ಮಾಲ್ಟ್. ಗಟ್ಟಿ ದಿಂಬಿನ ಮೇಲೆ ಮಾದರಿಯ ಕಾಗದ ಚುಚ್ಚಿಟ್ಟು, ಸಣ್ಣ ಕಡ್ಡಿಗಳಿಗೆ ನೂಲು ಸುತ್ತಿ, ಜೋಡಿ ಜೋಡಿಯಾಗಿ ಇಳಿಬಿಡುತ್ತಾರೆ. ಕೈಚಳಕವೆಲ್ಲ ಎರಡೇ ಕ್ರಿಯೆಗಳಲ್ಲಿದೆ. ನಾಲ್ಕು ಎಳೆಗಳಲ್ಲಿ ನಡುವಿನ ಎರಡನ್ನು ಅದಲು ಬದಲು ಮಾಡುವುದು ಒಂದು, ಪ್ರತಿ ಜೋಡಿಯ ಒಳಗೇ ಬಲದ ಎಳೆಯನ್ನು ಎಡದ ಮೇಲೆ ದಾಟಿಸುವುದು ಇನ್ನೊಂದು. ಎಲ್ಲಿ ಎಳೆ ಕೂಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಗುಂಡುಸೂಜಿಗಳು ಹಿಡಿದಿಡುತ್ತವೆ.

ಈ ಲೇಸ್‌ನಲ್ಲಿ ಮನೆಯಲ್ಲೇ ಕೂತು ಹೆಗಲಿಗೆ ಹೊದೆಯುವಷ್ಟು ದೊಡ್ಡ ಶಾಲು ಮಾಡುವುದು ಹೇಗೆ? ಪೂರ್ತಿ ಅಗಲವನ್ನು ಒಂದೇ ಸಲ ಹಿಡಿದರೆ ನೂರಾರು ಕಡ್ಡಿ ಬೇಕು, ದೊಡ್ಡ ದಿಂಬು ಬೇಕು. ಅದಕ್ಕೆ ಜಾಣೆಯರು ಬೇರೆ ದಾರಿ ಹಿಡಿದರು. ಕೆಲವೇ ಜೋಡಿ ಎಳೆಗಳ ಸಣ್ಣ ಪಟ್ಟಿಯನ್ನು ಹೆಣೆಯುತ್ತ ಹೋಗುವುದು, ಅಂಚು ಬಂದಾಗ ತಿರುಗಿಸುವುದು, ಹಿಂದಿನ ಸಾಲಿನ ಅಂಚಿಗೆ ಕೊಕ್ಕೆ ಸೂಜಿಯಿಂದ ಎಳೆ ಎಳೆದು ಕೂಡಿಸುವುದು. ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿಯಿಂದ 40 ಸೆಂಟಿಮೀಟರ್ ಅಗಲ, 160 ಸೆಂಟಿಮೀಟರ್ ಉದ್ದದ ಶಾಲು ಬೇಕೆಂದರೆ ಸುಮಾರು 43 ಮೀಟರ್ ಪಟ್ಟಿ ಹೆಣೆಯಬೇಕು. ಲೆಕ್ಕ ಸುಲಭ: ವಿಸ್ತೀರ್ಣವನ್ನು ಪಟ್ಟಿಯ ಅಗಲದಿಂದ ಭಾಗಿಸಿದರಾಯಿತು. ಪಟ್ಟಿ ಹಾವಿನಂತೆ ಹೊರಳಲಿ, ಸುರುಳಿ ಸುತ್ತಲಿ, ಉದ್ದ ಅಷ್ಟೇ.

ಈ ಲೆಕ್ಕವನ್ನು ಕೌದಿಗೆ ಹಚ್ಚಿ ನೋಡಿ. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದದ ಕೌದಿಯ ವಿಸ್ತೀರ್ಣ 3 ಚದರ ಮೀಟರ್. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಗಲ, ಸುಮಾರು ಒಂದೂವರೆ ಸೆಂಟಿಮೀಟರ್ ಅಂತರ. ಅಲ್ಲಿಗೆ ಸಾಲಿನ ಒಟ್ಟು ಉದ್ದ 200 ಮೀಟರ್. ಸೆಂಟಿಮೀಟರಿಗೆ ಒಂದು ಹೊಲಿಗೆ ಬಿದ್ದರೂ 20,000 ಹೊಲಿಗೆ. ನೆಲದ ಮೇಲೆ ಹರಡಿಕೊಂಡು, ಬೆನ್ನು ಬಗ್ಗಿಸಿ, ಒಂದೇ ಕೈ ಹಾಕಿದ 20,000 ಹೊಲಿಗೆ! ದೊಡ್ಡ ವಸ್ತುವನ್ನು ಮಗ್ಗವೂ ಇಲ್ಲದೆ ಚೌಕಟ್ಟೂ ಇಲ್ಲದೆ ಸಣ್ಣ ಸಾಲಿನಿಂದ ತುಂಬಿಸುವ ಉಪಾಯ ಲೇಸಿನವರಿಗೂ ಕೌದಿಯವರಿಗೂ ಬೇರೆ ಬೇರೆಯಾಗಿಯೇ ಹೊಳೆದಿದೆ.

ಲೇಸಿನ ಶಾಲಿನಲ್ಲಿ ದಾರಕ್ಕಿಂತ ತೂತೇ ಹೆಚ್ಚು. ಹೊದ್ದರೆ ಗಾಳಿ ಆ ಕಡೆಯಿಂದ ಈ ಕಡೆ ಓಡಾಡುತ್ತದೆ, ಚಳಿಗೆ ಅದೇನೂ ಮಾಡದು. ಆದರೆ ಅದರ ಮೇಲೊಂದು ಒತ್ತಾದ ಬಟ್ಟೆ ಬಿದ್ದರೆ ಸಂಗತಿಯೇ ತಿರುಗುತ್ತದೆ. ನಾರ್ವೆಯ ಸೈನ್ಯಾಧಿಕಾರಿ ಹೆನ್ರಿಕ್ ಬ್ರೂನ್ 1933ರಲ್ಲಿ ಮೀನಿನ ಬಲೆಯ ದಾರದಿಂದ ಒಳಅಂಗಿ ಮಾಡಿಸಿದ. ದೊಡ್ಡ ಕಣ್ಣಿನ ಆ ಬಲೆ ಮೈಗೂ ಮೇಲಂಗಿಗೂ ನಡುವೆ ಗಾಳಿಗೆ ಜಾಗ ಮಾಡಿಕೊಡುತ್ತಿತ್ತು. ಬೆವರು ಆವಿಯಾಗಿ ಹೊರಹೋಗಲು ದಾರಿಯನ್ನೂ ಬಿಡುತ್ತಿತ್ತು. 1953ರ ಎವರೆಸ್ಟ್ ತಂಡದ ಉಡುಪಿನಲ್ಲೂ ಬಲೆಯಂಗಿ ಇತ್ತು. ತೆರೆದ ತೂತು ಚಳಿ, ಮುಚ್ಚಿದ ತೂತು ಬಿಸುಪು.

ಕೌದಿ ಹೊಲಿಯುವವರು ಈ ಮಾತನ್ನು ಕೈಯಿಂದಲೇ ಬಲ್ಲವರು. ಒಳಪದರಿಗೆ ಸವೆದು ಜಾಳಾದ ಸೀರೆ ಬರುತ್ತದೆ, ಇಲಿ ಕಡಿದ ಧೋತ್ರ ಬರುತ್ತದೆ. ಬೆರಳು ತೂರುವಷ್ಟು ತೂತಿದ್ದರೆ ಹಾಗೇ ಬಿಡುತ್ತಾರೆ, ಕೈ ತೂರುವಷ್ಟಿದ್ದರೆ ಅಲ್ಲಿಗೊಂದು ತುಂಡು ಇಡುತ್ತಾರೆ. ಭೌತಶಾಸ್ತ್ರ ಹೇಳುವುದೂ ಅದನ್ನೇ. ಸಣ್ಣ ತೂತಿನ ಮೇಲೂ ಕೆಳಗೂ ಅರಿವಿ ಬಿದ್ದಾಗ ಅದೊಂದು ಮುಚ್ಚಿದ ಕೋಣೆ. ಆಳ ಒಂದು ಮಿಲಿಮೀಟರೂ ಇಲ್ಲ, ಒಳಗಿನ ಗಾಳಿ ಸುತ್ತಾಡಲಾರದು. ತೂತು ದೊಡ್ಡದಾದರೆ ಮೇಲಿನ ಪದರು ಅದರೊಳಗೆ ಕುಸಿದು ಕೆಳಗಿನದಕ್ಕೆ ಅಂಟುತ್ತದೆ, ಕೋಣೆ ಮಾಯವಾಗುತ್ತದೆ, ಆ ಜಾಗ ತೆಳುವಾಗುತ್ತದೆ.

ಹೊಲಿಗೆಯ ಸಾಲಿನಲ್ಲೂ ಇಂಥದೇ ತೂಗಾಟವಿದೆ. ದಾರ ಬಿಗಿದಲ್ಲೆಲ್ಲ ಪದರುಗಳು ಒತ್ತಿಕೊಳ್ಳುತ್ತವೆ, ಗಾಳಿ ಹೊರಬೀಳುತ್ತದೆ, ಶಾಖಕ್ಕೆ ದಾರಿಯಾಗುತ್ತದೆ. ಹೊಲಿಗೆ ಹೆಚ್ಚಾದಷ್ಟೂ ಕೌದಿ ಗಟ್ಟಿ, ಬಿಸುಪು ಕಡಿಮೆ. ಹೊಲಿಗೆ ದೂರ ದೂರವಾದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಒಳಗಿನ ತುಂಡುಗಳು ಮೂಲೆಗೆ ಮುದುಡುತ್ತವೆ. ಬೆರಳಗಲದ ಅಂತರ ಈ ಎರಡರ ನಡುವಿನ ಹದ. ಸಾಲುಗಳ ನಡುವೆ ಅರಿವಿ ಉಬ್ಬಿ ಅಲೆಯಂತೆ ಕಾಣುತ್ತದಲ್ಲ, ಆ ಉಬ್ಬಿನಲ್ಲೇ ಗಾಳಿ ಕೂತಿರುವುದು. ಹೊಸ ಕೌದಿಯ ಮೇಲೆ ಅಂಗೈ ಆಡಿಸಿದರೆ ಏರಿಳಿತ ಚೆನ್ನಾಗಿ ಗೊತ್ತಾಗುತ್ತದೆ. ಯಂತ್ರದಲ್ಲಿ ಹೊಲಿದ ಕೌದಿಗಳನ್ನೂ ಈಗ ಮಾರುತ್ತಾರೆ. ಯಂತ್ರದ ಹೊಲಿಗೆ ಸಣ್ಣದು, ಒತ್ತು ಹೆಚ್ಚು, ಏರಿಳಿತ ಕಡಿಮೆ. ಕೈಹೊಲಿಗೆಯ ಕೌದಿ ಹೆಚ್ಚು ಬೆಚ್ಚಗೆ ಎಂದು ಹಿರಿಯರು ಹೇಳುವುದನ್ನು ಬರೀ ಅಭಿಮಾನ ಎಂದು ತಳ್ಳಬೇಕಿಲ್ಲ.

ಕೌದಿ ಹೊಲಿಯುವವರು ಈ ಬಯಲಿನವರಷ್ಟೇ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಅವರು ‘ಕವಂದಿ’ ಎನ್ನುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತು ಹಾಕುತ್ತ, ಹೋದಹೋದಲ್ಲಿ ತುಣುಕು ಇಟ್ಟು ಸವರಿ ಹೊಲಿಯುತ್ತ, ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಅರಿವಿ ಮಡಚಿದ ‘ಫೂಲ’ ಇಡದೆ ಕವಂದಿ ಪೂರ್ತಿಯಾಗುವುದಿಲ್ಲ. ಆಫ್ರಿಕಾದ ಕಲೆಗಳ ವಿದ್ವಾಂಸ ಹೆನ್ರಿ ಡ್ರೂವಾಲ್ ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರಿಯೊಂದು ಹುಟ್ಟಿಕೊಂಡಿತು, ಆ ಕವಂದಿಗಳು ಅಮೆರಿಕದ ಗ್ಯಾಲರಿಗಳ ಗೋಡೆ ಏರಿದವು. ವಿಜಯಪುರದ ಕೌದಿಗೆ ಆ ಭಾಗ್ಯ ಇನ್ನೂ ಬರಬೇಕಿದೆ.

ಮತ್ತೆ ಹೊಲಿಗೆಯ ಮಾತಿಗೆ ಬರೋಣ. ಕೌದಿಯ ದಾರ ನಡುವೆ ಎಲ್ಲೋ ಹರಿದರೂ ಹೊಲಿಗೆ ಸರಸರನೆ ಬಿಚ್ಚಿಕೊಳ್ಳುವುದಿಲ್ಲ. ಯಾಕೆ? ಗಂಟು ಇರುವುದು ಸಾಲಿನ ತುದಿಯಲ್ಲಿ ಮಾತ್ರ. ಉಳಿದದ್ದೆಲ್ಲ ಘರ್ಷಣೆಯ ಕೆಲಸ. ಮರದ ಕಂಬಕ್ಕೆ ಹಗ್ಗ ಎರಡು ಸುತ್ತು ಹಾಕಿ ಹಿಡಿದರೆ ಎತ್ತನ್ನೂ ನಿಲ್ಲಿಸಬಹುದು. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಹದಿನೆಂಟನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದರ ಸೂತ್ರ ಕೊಟ್ಟ. ಸೂಜಿ ಪದರುಗಳನ್ನು ಒಂದು ಸಲ ದಾಟಿದಾಗ ದಾರ ಎರಡು ಕಡೆ ಮೊಣಕೈಯಂತೆ ಬಾಗುತ್ತದೆ, ಒಟ್ಟು ಅರ್ಧ ಸುತ್ತು. ಘರ್ಷಣೆಯ ಗುಣಾಂಕ 0.3 ಎಂದು ಹಿಡಿದರೆ ಒಂದು ದಾಟಿಗೆ ಹಿಡಿತ ಎರಡೂವರೆ ಪಟ್ಟು. ಐದು ದಾಟಿಗೆ ನೂರಕ್ಕೂ ಹೆಚ್ಚು ಪಟ್ಟು. ಹತ್ತು ದಾಟಿಗೆ 12,000 ಪಟ್ಟು. ಇದು ಆದರ್ಶ ಲೆಕ್ಕ ನಿಜ; ಸಡಿಲಾದ ದಾರದಲ್ಲಿ ಇಷ್ಟು ಹಿಡಿತ ಸಿಗದು. ಆದರೂ ಹರಿದ ಕಡೆಯಿಂದ ನಾಲ್ಕಾರು ಹೊಲಿಗೆ ಆಚೆ ದಾರ ಅಲುಗದೆ ಇರುವುದಕ್ಕೆ ಕಾರಣ ಇದೇ.

ದಾರದ ಒಳಗೂ ಇದೇ ಕಥೆ. ಧಾರವಾಡ ಸೀಮೆಯ ಕಪ್ಪು ನೆಲದ ಜಯಧರ ಹತ್ತಿಯ ನಾರಿನ ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಅಷ್ಟು ಗಿಡ್ಡ ನಾರುಗಳು ಅಂಟೂ ಇಲ್ಲದೆ ಗಂಟೂ ಇಲ್ಲದೆ ಮೈಲುದ್ದದ ನೂಲಾಗಿ ನಿಲ್ಲುವುದು ಹೇಗೆ ಎಂದು ಗೆಲಿಲಿಯೊ 1638ರ ತನ್ನ ಕೊನೆಯ ದೊಡ್ಡ ಗ್ರಂಥದಲ್ಲೇ ಕೇಳಿದ್ದ. ಅವನ ಉದಾಹರಣೆ ಹಗ್ಗದ್ದು. ವಾರನ್, ಬಾಲ್, ಗೋಲ್ಡ್‌ಸ್ಟೀನ್ ಎಂಬ ಮೂವರು ಭೌತವಿಜ್ಞಾನಿಗಳು 2018ರಲ್ಲಿ ಇದಕ್ಕೆ ಗಣಿತದ ಉತ್ತರ ಕೊಟ್ಟರು. ನಾರುಗಳ ನಡುವೆ ಸಾಕಷ್ಟು ಘರ್ಷಣೆಯ ಸಂಪರ್ಕಗಳಿದ್ದರೆ ಒಂದು ಹಂತದಲ್ಲಿ ನೂಲಿನ ನಡತೆಯೇ ಬದಲಾಗುತ್ತದೆ. ಎಳೆದಷ್ಟೂ ನಾರುಗಳು ಒಂದನ್ನೊಂದು ಬಿಗಿದುಕೊಳ್ಳುತ್ತವೆ. ಜಾರುವ ಬದಲು ನಾರೇ ಹರಿಯಬೇಕು.

ಹಳೆಯ ಅರಿವಿಯೇ ಯಾಕೆ ಬೇಕು ಎಂದು ಕೇಳಬಹುದು. ಹೊಸ ಬಟ್ಟೆಯ ನೂಲಿಗೆ ಮಗ್ಗದಲ್ಲಿ ಗಂಜಿ ಹಚ್ಚಿರುತ್ತಾರೆ, ನೂಲು ಸೆಟೆದಿರುತ್ತದೆ. ಹತ್ತಾರು ಒಗೆತದಲ್ಲಿ ಗಂಜಿ ಹೋಗಿ, ಎಳೆಗಳು ಸಡಿಲಾಗಿ, ನಾರಿನ ಮೈಯಲ್ಲಿ ಸಣ್ಣ ರೋಮ ಏಳುತ್ತದೆ. ಮೆದು ಬರುವುದೂ ಹಾಗೆ, ಗಾಳಿ ನಿಲ್ಲುವುದೂ ಹಾಗೆ. ಕೂಸಿನ ಕೌದಿಗೆ ತಾಯಿಯ ಹಳೆಯ ನೂಲಿನ ಸೀರೆಯನ್ನೇ ಆರಿಸುವುದರಲ್ಲಿ ಮಮತೆಯ ಜೊತೆಗೆ ಈ ಕಾರಣವೂ ಇದೆ. ಹಳೆಯ ಅರಿವಿ ಬಲದಲ್ಲಿ ಕಡಿಮೆ, ಸರಿ. ಆದರೆ ಆರು ದುರ್ಬಲ ಪದರುಗಳು 20,000 ಹೊಲಿಗೆಗಳಲ್ಲಿ ಭಾರ ಹಂಚಿಕೊಂಡಾಗ ಒಂದರ ಹರಕು ಇನ್ನೊಂದಕ್ಕೆ ದಾಟುವುದಿಲ್ಲ. ತುಣುಕುಗಳ ನೇಯ್ಗೆ ಒಂದು ಅಡ್ಡ, ಒಂದು ಉದ್ದ, ಒಂದು ಓರೆಯಾಗಿ ಬೀಳುವುದರಿಂದ ಯಾವ ದಿಕ್ಕಿಗೆ ಎಳೆದರೂ ಯಾವುದಾದರೂ ಪದರಿನ ನೂಲು ಎದುರು ನಿಲ್ಲುತ್ತದೆ.

ಹತ್ತಿಗೂ ಒಂದು ಸೋಲಿದೆ, ಅದು ನೀರು. ಒದ್ದೆಯಾದ ಕೌದಿಯಲ್ಲಿ ಗಾಳಿಯ ಜಾಗಕ್ಕೆ ನೀರು ಬಂದು, ಬಿಸುಪು ಬಹುಪಾಲು ಹೋಗುತ್ತದೆ. ಮಳೆಯಲ್ಲಿ ಕುರಿ ಕಾಯುವವನ ಹೆಗಲಿಗೆ ಕಂಬಳಿಯೇ ಸರಿ. ಉಣ್ಣೆಯ ನಾರು ಸುರುಳಿಯಾಗಿರುವುದರಿಂದ ನೆನೆದರೂ ಕುಸಿಯದೆ ಗಾಳಿಗೆ ಸ್ವಲ್ಪ ಜಾಗ ಉಳಿಸುತ್ತದೆ. ಕೌದಿ ಮನೆಯೊಳಗಿನದು. ಮಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹೊತ್ತೊಯ್ದು ಒಗೆದು ಬಿಸಿಲಿಗೆ ಹರವುವ ಪದ್ಧತಿ ಈ ಭಾಗದಲ್ಲಿ ಈಗಲೂ ಇದೆ. ಬಿಸಿಲಿನಲ್ಲಿ ನಾರು ಒಣಗಿ ಮತ್ತೆ ಉಬ್ಬುತ್ತದೆ. ತೇವ ಬೇಡುವ ನುಸಿಗಳಿಗೂ ಅಲ್ಲಿ ಉಳಿಗಾಲವಿಲ್ಲ.

ಈಗಿನ ನಿಜವಾದ ತೊಡಕು ಬೇರೆ. ಹಳೆಯ ಸೀರೆ ಎಂದು ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್. ಹತ್ತಿ ಸಾಮಾನ್ಯ ಹವೆಯಲ್ಲೇ ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಶೇಕಡಾ 0.4ರಷ್ಟು ಮಾತ್ರ. ಮಲಗಿದವರ ಮೈಯಿಂದ ರಾತ್ರಿಯಿಡೀ ಕಾಣದಂತೆ ಹೊರಡುವ ಬೆವರಿನ ಆವಿಯನ್ನು ಹತ್ತಿ ಹೀರುತ್ತದೆ. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಪಾಲಿಯೆಸ್ಟರ್ ಪದರಿನಲ್ಲಿ ಅದೇ ಆವಿ ಜಿಗುಟಾಗಿ ಮೈಗೆ ಹತ್ತುತ್ತದೆ. ಅದರ ನುಣುಪಿಗೆ ಪದರುಗಳು ಜಾರುತ್ತವೆ, ಹೊಲಿಗೆಯೂ ಸಡಿಲುತ್ತದೆ. ಬಣ್ಣ ಮಾಸದು ಎಂಬ ಒಂದು ಗುಣಕ್ಕಾಗಿ ಅದನ್ನು ಮೇಲ್ಮುಖಕ್ಕೆ ಬಳಸಬಹುದು. ಹೊಟ್ಟೆಗೂ ಮೈಗೆ ತಾಗುವ ಕೆಳಮುಖಕ್ಕೂ ಅದು ಬೇಡ.

ಮನೆಯಲ್ಲಿ ನೂಲಿನ ಹಳೆಯ ಸೀರೆ, ಪಂಚೆ ಇದ್ದರೆ ನೆಲ ಒರೆಸಲು ಹಾಕಬೇಡಿ, ತೂತಿದ್ದರೂ ಎತ್ತಿಡಿ. ಆರೇಳು ಕೂಡಿದ ಮೇಲೆ ನಿಮ್ಮ ಓಣಿಯಲ್ಲೋ ಪಕ್ಕದ ಹಳ್ಳಿಯಲ್ಲೋ ಕೌದಿ ಹೊಲಿಯುವವರನ್ನು ಹುಡುಕಿ ಕೊಡಿ. ಕೂಲಿ ಮಾತಾಡುವಾಗ ಅರಿವಿ ನಮ್ಮದೇ ಅಲ್ಲವೇ ಎಂದು ಚೌಕಾಸಿ ಮಾಡಬೇಡಿ. ನೀವು ಕೊಡುತ್ತಿರುವುದು 200 ಮೀಟರ್ ಕೈಹೊಲಿಗೆಯ ಬೆಲೆ.